ಒಂದಳತೆ ಚಿಕ್ಕ ಟೈರು

ಜೂನ್ ೧೧, ಗುರುವಾರ

ಟೈರ್ ಅಂಗಡಿಯಲ್ಲಿ ನೆತ್ತಿಗೇರಿದ ಸಿಟ್ಟು ಇನ್ನೂ ಇಳಿದಿಲ್ಲ.

ಕಾಯಿಲೆ ಬೀಳುವ ಮೊದಲು ಇವರು ಸ್ಪ್ರಿಂಗ್ ಬದಲಿಸಿ ಜೀಪಿನ ಮೈಯನ್ನು ಎತ್ತರಿಸಿದ್ದರು. ಟೈರು ಮಾತ್ರ ಹಳೆಯವೇ ಉಳಿದಿದ್ದವು, ಈಗ ಸವೆದು ನುಣ್ಣಗಾಗಿವೆ. ಕಲ್ಲುಗಣಿಯ ಆಫೀಸಿಗೆ ಆ ಹಾಳು ದಾರಿಯಲ್ಲಿ ದಿನಾ ಓಡಿಸುವವಳು ನಾನು. ಅಂಗಡಿಯವನು ಮಾತಾಡಿದ್ದೆಲ್ಲ ಜೊತೆಗೆ ಬಂದಿದ್ದ ಮೈದುನನ ಮುಖ ನೋಡಿಕೊಂಡೇ.

“ಆನೆ ಮೈಗೆ ಆಡಿನ ಕಾಲು ಇಟ್ಟಂಗಿದೆ ಸರ್. ಇದನ್ನ ಹಾಕ್ಸಿ” ಎಂದು ಎಲ್ಲಕ್ಕಿಂತ ದೊಡ್ಡದನ್ನು ಉರುಳಿಸಿಕೊಂಡು ಬಂದ. ಹಾಕಿ ನೋಡಿದರು. ನಾನು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದೆ. ಟೈರು ಮಡ್‌ಗಾರ್ಡಿಗೆ ಕರಕರ ಉಜ್ಜಿತು.

“ಮಡ್‌ಗಾರ್ಡಿನ ಅಂಚು ಸ್ವಲ್ಪ ಕತ್ತರಿಸಿದ್ರೆ ಆಯ್ತು, ಅತ್ತಿಗೆ” ಎಂದ ಮೈದುನ.

ಆ ಅಂಚನ್ನು ಇವರು ಕೈಯಾರೆ ಬಡಿದು ನೇರ ಮಾಡಿ ಬಣ್ಣ ಬಳಿದಿದ್ದರು. “ಅದನ್ನ ಮುಟ್ಟಬೇಡ. ಒಂದಳತೆ ಚಿಕ್ಕದು ಹಾಕಲಿ” ಎಂದೆ.

“ಅಣ್ಣ ಇದ್ದಿದ್ರೆ ದೊಡ್ಡದೇ ಹಾಕಿಸ್ತಿದ್ದ.”

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅವರ ಅಂಗಿಗಳನ್ನು ಯಾರಿಗೆ ಕೊಡಬೇಕು, ನಾನು ಎಲ್ಲಿರಬೇಕು, ಎಲ್ಲಕ್ಕೂ ಸತ್ತವರ ಪರವಾಗಿ ಮಾತಾಡಲು ಮನೆಮಂದಿ ತಯಾರು.

“ಹಾಗಾದ್ರೆ ನಿಮ್ಮಣ್ಣನೇ ಬಂದು ಓಡಿಸಲಿ” ಅಂದುಬಿಟ್ಟೆ. ಅಂಗಡಿಯವನು ದೊಡ್ಡದನ್ನು ಬಿಚ್ಚಿದ. ಚಿಕ್ಕದನ್ನೇ ಹಾಕಿದರು. ಎಲ್ಲೂ ಉಜ್ಜದೆ ತಿರುಗಿತು.

ಮೈದುನ ಹೇಳಿದ್ದು ಸುಳ್ಳಲ್ಲ. ಇವರು ದೊಡ್ಡದನ್ನೇ ಹಾಕಿಸುತ್ತಿದ್ದರು, ಅಂಚನ್ನೂ ತಾವೇ ಕತ್ತರಿಸುತ್ತಿದ್ದರು. ನಾನು ಮನೆ ಮುಟ್ಟುವವರೆಗೂ ಬಯ್ಯುತ್ತಿದ್ದೆ. ನಾನು ಹೇಳಿದ್ದು ಇಷ್ಟು ಸುಲಭವಾಗಿ ಯಾವತ್ತೂ ನಡೆದಿರಲಿಲ್ಲ. ವಾದ ಮಾಡಬೇಕಾದವರು ಹೀಗೆ ಅರ್ಧಕ್ಕೇ ಎದ್ದು ಹೋದರೆ ನಾನು ಯಾರ ಹತ್ತಿರ…