ಮ್ಯೂಸಿಯಂನಲ್ಲಿ ಅತ್ತೆ

ಕೋಡಿ, ಕುಂದಾಪುರ
೧೮ ನವೆಂಬರ್ ೨೦೨೪

ಮುದ್ದಿನ ಸೌಜನ್ಯಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಫೋನು ಮಾಡಿದರೆ ನೀನು "ಆರಾಮಿದ್ದೆ ಅತ್ತೆ" ಎಂದು ನಿನ್ನ ಅಮ್ಮನ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಇದನ್ನಾದರೂ ನೀನೇ ಓದಬೇಕು.

ಭಾನುವಾರ ನಿನ್ನ ಬದಲು ಮ್ಯೂಸಿಯಂ ಯಾರು ನೋಡಿಕೊಳ್ಳುತ್ತಿದ್ದಾರೆಂದು ನೀನು ಅದನ್ನು ನಡೆಸುವ ಪ್ರೇಮಾನಂದ ಸರ್ ಹತ್ತಿರ ಕೇಳಿದೆಯಂತೆ. ಹೇಳಬೇಡಿ ಅಂದಿದ್ದೆ. ಪಾಪ, ಅಷ್ಟು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ ಮನುಷ್ಯನಿಗೆ ಒಂದು ಸುಳ್ಳು ಹೇಳಲು ಬರಲಿಲ್ಲ. ನಿನ್ನ ಅತ್ತೆಯೇ ಎಂದು ಹೇಳಿಬಿಟ್ಟರು. ನಿನಗೆ ಸಿಟ್ಟು ಬಂತೋ ನಗು ಬಂತೋ ನನಗೆ ಗೊತ್ತಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ನೀನು ಶಿರೂರಿಗೆ ಅಮ್ಮನ ಮನೆಗೆ ಹೋದ ಮೇಲೆ ಸರ್ ಒಂದು ದಿನ ಮನೆಗೆ ಬಂದಿದ್ದರು. ಸಂಬಳವಿಲ್ಲದ ಕೆಲಸ, ಭಾನುವಾರ ಬರುವವರು ಯಾರೂ ಸಿಗುತ್ತಿಲ್ಲ, ಬಾಗಿಲು ಹಾಕುವುದೇ ಸೈ ಎಂದರು. ನನಗೆ ಏನನ್ನಿಸಿತೋ, "ಅವ್ಳ್ ಬಪ್ಪಲ್ಲಿವರೆಗೆ ನಾನ್ ಬತ್ತೆ" ಅಂದುಬಿಟ್ಟೆ. ನನಗೆ ಏನೂ ಗೊತ್ತಿಲ್ಲವೆಂದೂ ಹೇಳಿದೆ. ಕಲಿಸುತ್ತೇನೆ ಎಂದರು.

ಮೊದಲ ದಿನ, ಸತ್ತ ಪ್ರಾಣಿಗಳನ್ನು ಇಟ್ಟ ಜಾಡಿಗಳ ಆ ಔಷಧಿಯ ವಾಸನೆಗೆ ತಲೆ ತಿರುಗಿ ಹೊರಗೆ ಕಟ್ಟೆಯ ಮೇಲೆ ಕುಳಿತೆ. ಬುಟ್ಟಿ ಹೊತ್ತು ಮೀನು ಮಾರಿದವಳಿಗೆ ವಾಸನೆಯೇ ಎಂದು ನಗಬೇಡ, ಇದು ಬೇರೆಯೇ ವಾಸನೆ. ಆಮೇಲೆ ಅಭ್ಯಾಸವಾಯಿತು. ಈಗ ಗಾಜು ಒರೆಸುತ್ತೇನೆ, ಹಕ್ಕಿಗಳ ರೆಕ್ಕೆಯ ಧೂಳನ್ನು ಬ್ರಶ್ಶಿನಲ್ಲಿ ತೆಗೆಯುತ್ತೇನೆ, ಬಂದವರಿಗೆ ತಿಳಿದಷ್ಟು ಹೇಳುತ್ತೇನೆ. ಒಮ್ಮೆ ಗೂಬೆಯನ್ನು ಗಿಡುಗ ಎಂದು ಹೇಳಿ, ಒಬ್ಬ ಪುಟ್ಟ ಹುಡುಗಿಯಿಂದ ತಿದ್ದಿಸಿಕೊಂಡೆ.

ನೀನು ಹೋದದ್ದು ಯಾಕೆಂದು ನನಗೆ ಆಗ ಗೊತ್ತಿರಲಿಲ್ಲ, ಮಗಾ. ಹೊಟ್ಟೆಯಲ್ಲೇ ಮಗು ಹೋದ ದುಃಖಕ್ಕೆ ಅಮ್ಮನ ಹತ್ತಿರ ನಾಲ್ಕು ದಿನ ಇದ್ದು ಬರುತ್ತಾಳೆ ಅಂದುಕೊಂಡಿದ್ದೆ. ನಮ್ಮ ಪಕ್ಕದ ಮನೆಯ ಜಲಜಕ್ಕ ಬಾವಿಕಟ್ಟೆಯಲ್ಲಿ ಆಡಿದ ಮಾತನ್ನು ನಿನ್ನ ಗಂಡ ಯತೀಶ ಆಮೇಲೆ ಹೇಳಿದ. "ಬಸ್ರಿ ಹೆಂಗ್ಸ್ ಸತ್ತ ಜೀವದ ಬಾಟ್ಲಿ ಮುಟ್ಟೂಕಾಗ. ಮುಟ್ಟಿದ್ಕೇ ಹೀಂಗಾಯ್ತ್" ಎಂದಳಂತೆ. ಅದನ್ನು ಕೇಳಿಸಿಕೊಂಡು ನೀನು ಕೊಡಪಾನ ಅಲ್ಲೇ ಇಟ್ಟು ಒಳಗೆ ಬಂದೆಯಂತೆ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಅಷ್ಟು ಬಿಡಿಸಿ ಹೇಳಿದ್ದರು. ಆದರೂ ಆ ಮಾತು ನಿನ್ನೊಳಗೆ ಹೊಕ್ಕಿತು.

ಜಲಜಕ್ಕನ ಜೊತೆ ಜಗಳ ಮಾಡಬೇಕೆಂದು ಮನಸ್ಸು ಕುದಿಯಿತು. ಮಾಡಲಿಲ್ಲ. ನಿನ್ನೆ ಅವಳೇ ಮೊಮ್ಮಗಳನ್ನು ಕರೆದುಕೊಂಡು ಮ್ಯೂಸಿಯಂಗೆ ಬಂದಳು. ಮೊಮ್ಮಗಳದೇ ಹಟವಂತೆ. ನನ್ನನ್ನು ಅಲ್ಲಿ ಕಂಡು ಅವಳಿಗೆ ಬೆರಗು. "ಎಂತ ಕುಸ್ಮಕ್ಕ, ನೀವ್ ಇಲ್ಲಿ?" ಎಂದು ಕೇಳಿದಳು. ಸೊಸೆಯ ಕೆಲಸ ನೋಡಿಕೊಳ್ಳುತ್ತಿದ್ದೇನೆ ಅಂದೆ.

ಆ ಮೂಲೆಯ ಕಪಾಟು ನಿನಗೆ ಗೊತ್ತು. ಮರವಂತೆಯ ದಡಕ್ಕೆ ಬಂದು ಬಿದ್ದಿದ್ದ ತಾಯಿ ಡಾಲ್ಫಿನ್ನಿನ ಹೊಟ್ಟೆಯಲ್ಲಿ ಸಿಕ್ಕ ಮರಿ ಇರುವ ಗಾಜಿನ ಜಾಡಿ. ಜಲಜಕ್ಕ ಅದನ್ನು ಕಂಡವಳೇ ಮೊಮ್ಮಗಳ ಕಣ್ಣು ಮುಚ್ಚಿದಳು. ನಾನು ಜಾಡಿಯ ಮೇಲೆ ಕೈಯಿಟ್ಟು ಹೇಳಿದೆ, "ಜಲಜಕ್ಕ, ನೀವ್ ಬಸ್ರಿ ಇಪ್ಪತಿಗೆ ಮೀನ್ ಕೊಯ್ಲಿಲ್ಯಾ? ನಾನ್ ಕೊಯ್ಲಿಲ್ಯಾ? ನಮ್ಮ್ ಕೇರಿ ಹೆಂಗ್ಸ್ರೆಲ್ಲ ದಿನಾ ಮುಟ್ಟದ್ದ್ ಸತ್ತ ಜೀವ ಅಲ್ದಾ? ನಿಮ್ಮ್ ಮಕ್ಳಿಗೆ ಎಂತ ಆಯ್ತ್?"

ದನಿ ಏರಿಸಲಿಲ್ಲ, ನಿನ್ನಾಣೆ. ಅವಳು ಮೊಮ್ಮಗಳ ಕಣ್ಣಿನಿಂದ ಕೈ ತೆಗೆದಳು. ಆ ಮಗು ಗಾಜಿಗೆ ಮೂಗು ಒತ್ತಿ ನೋಡಿ, "ಅಜ್ಜಿ, ಇದಕ್ಕೆ ಹೆಸ್ರ್ ಇತ್ತಾ?" ಎಂದು ನನ್ನನ್ನು ಕೇಳಿತು.

ನನಗೆ ಅಳು ಬಂತು. ಅಷ್ಟು ಜನರ ಎದುರು, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟೆ. ಜಲಜಕ್ಕ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ತಂದುಕೊಟ್ಟಳು. "ನನ್ ನಾಲ್ಗಿ ಸಮಾ ಇಲ್ಲೆ ಕುಸ್ಮಕ್ಕ. ಆ ಹೆಣ್ಣಿನ ಹತ್ರ ತಪ್ಪಾಯ್ತ್ ಅಂದ್ ನಾನೇ ಹೇಳ್ತೆ" ಎಂದಳು. ಹೇಳುತ್ತಾಳೋ ಇಲ್ಲವೋ, ಅವಳ ಮುಖ ಮಾತ್ರ ಸಣ್ಣಗಾಗಿತ್ತು.

ಯಾಕೆ ಅತ್ತೆನೆಂದು ನಿನಗೊಬ್ಬಳಿಗೆ ಹೇಳುತ್ತೇನೆ. ನಮ್ಮ ಮಗುವಿಗೆ ನಾನು ಒಂದು ಹೆಸರು ಯೋಚಿಸಿ ಇಟ್ಟಿದ್ದೆ. ಹೆಸರಿಡುವುದು ನೀವಿಬ್ಬರು, ನಾನು ಬಾಯಿ ಹಾಕಬಾರದೆಂದು ಸುಮ್ಮನಿದ್ದೆ. ಆದರೆ ಒಲೆಯ ಮುಂದೆ ಒಬ್ಬಳೇ ಇರುವಾಗ ಆ ಹೆಸರು ಹಿಡಿದು ಕರೆದು ನೋಡುತ್ತಿದ್ದೆ. ಮಗು ಹೋದ ಮೇಲೆ ಎಲ್ಲರೂ ನಿನಗೆ ಮರೆತುಬಿಡು ಎಂದರು. ನಾನೂ ಹಾಗೆ ಹೇಳಬೇಕೆಂದಿದ್ದೆ. ಹೇಳಲು ನಾಲಿಗೆ ಏಳಲಿಲ್ಲ, ಯಾಕೆಂದರೆ ನಾನೇ ಮರೆತಿಲ್ಲ. ನೀನೂ ಮರೆಯಬೇಕಾಗಿಲ್ಲ. ಆ ಹೆಸರು ಕೇಳಬೇಕೆನಿಸಿದ ದಿನ ಕೇಳು. ಬೇಡವೆಂದರೆ ನನ್ನ ಹತ್ತಿರವೇ ಇರಲಿ.

ಬಾ ಎಂದು ಒತ್ತಾಯ ಮಾಡುವುದಿಲ್ಲ. ಎಷ್ಟು ದಿನ ಬೇಕೋ ಅಮ್ಮನ ಹತ್ತಿರ ಇರು. ಮುಂದಿನ ಭಾನುವಾರ ತೆಕ್ಕಟ್ಟೆ ಕಡೆಯ ಶಾಲೆಯ ಮಕ್ಕಳು ಬರುತ್ತಾರಂತೆ. ಚಿಟ್ಟೆಗಳ ವಿಷಯ ನನಗೆ ಇನ್ನೂ ಬಾಯಿಗೆ ಬರುವುದಿಲ್ಲ. ಪುರುಸೊತ್ತಾದರೆ ಫೋನು ಮಾಡಿ ಎರಡು ಮಾತು ಹೇಳಿಕೊಡು. ಈ ಸಲ ಅಮ್ಮನ ಕೈಗೆ ಕೊಡಬೇಡ.

ಇಂತು ನಿನ್ನ ದಾರಿ ಕಾಯುವ
ಅತ್ತೆ
ಕುಸುಮಾವತಿ

ಮರೆತ ಮಾತು: ಶುಕ್ರವಾರ ಯತೀಶ ಶಿರೂರಿಗೆ ಬರುತ್ತಾನೆ. ಮೀನಿನ ಲೋಡು ಇತ್ತು, ಹಾಗೇ ಹೊಕ್ಕೆ ಎನ್ನುತ್ತಾನೆ. ಯಾವ ಲೋಡೂ ಇಲ್ಲ, ನಾನು ಲಾರಿಯವರ ಹತ್ತಿರ ಕೇಳಿದ್ದೇನೆ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಒಮ್ಮೆಯೂ ಅತ್ತಿಲ್ಲ. ನಿನ್ನ ಹತ್ತಿರ ಕುಳಿತರೆ ಅಳುತ್ತಾನೋ ಏನೋ. ಸ್ವಲ್ಪ ಹೊತ್ತು ನಿಮ್ಮಿಬ್ಬರನ್ನೇ ಬಿಡಲು ಅಮ್ಮನಿಗೆ ಹೇಳು.