ಗಂಡನ ಅಕ್ಕನ ರುಜು

ಮನೆಯಿಂದ, ಭಾನುವಾರ
ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಊಟ, ನಿದ್ದೆ ಸರಿಯಾಗಿದೆ ತಾನೆ? ನಮ್ಮ ಕಡೆಯ ಲೆಕ್ಕ ಮೊದಲು ಒಪ್ಪಿಸಿಬಿಡುತ್ತೇನೆ: ಎರಡು ಸ್ಕ್ಯಾನ್, ತಲೆಬುರುಡೆಗೆ ಒಂದು ತೂತು, ಆಸ್ಪತ್ರೆಯ ಬೆಂಚಿನ ಮೇಲೆ ಹನ್ನೊಂದು ಹಗಲು, ನಿನ್ನ ಹೆಂಡತಿಯ ಸೊಂಟದುದ್ದದ ಜಡೆ, ನನ್ನ ಅಂಗಡಿಯಲ್ಲಿ ಹೊಲಿಯದೆ ಉಳಿದ ಇಪ್ಪತ್ತಾರು ಯೂನಿಫಾರಂ. ನಿನ್ನ ಕಡೆಯಿಂದ ಖರ್ಚಾದದ್ದು ಒಂದು ವಕೀಲರ ನೋಟೀಸು. ಅದರಲ್ಲಿ ವಿಚ್ಛೇದನಕ್ಕೆ ಕಾರಣ ‘ಹುಚ್ಚು’ ಎಂದು ಬರೆಸಿದ್ದೀಯ.

ಆರು ತಿಂಗಳು ಅವಳು ತಲೆನೋವು, ವಾಂತಿ ಎಂದಳು. ಎರಡು ಸಲ ಫಿಟ್ಸ್ ಬಂದು ಒಲೆಯ ಮುಂದೆ ಬಿದ್ದಳು. ನೀನೋ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಇವಳ ತಲೆಗೆ ಯಾರೋ ಹುಳ ಬಿಟ್ಟಿದಾರೆ ಅಕ್ಕ, ನನ್ನ ಕೈಲಿ ಬಾಳಕ್ಕಾಗಲ್ಲ” ಎಂದು ಹೊರಟೇಬಿಟ್ಟೆ. ಆಮೇಲೆ ಸ್ಕ್ಯಾನ್ ನೋಡಿದ ಡಾಕ್ಟರಮ್ಮ “ತಲೇಲಿ ಹುಳ ಇದೆ” ಎಂದಾಗ, ನಿನ್ನ ಚಾಡಿ ಅಲ್ಲಿಗೂ ಮುಟ್ಟಿದೆಯೆಂದು ನಾನು ಅವರ ಮೇಲೇ ಹರಿಹಾಯ್ದೆ. ಪಾಪ, ಅವರು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು: ನೀರಿನ ಗುಳ್ಳೆ, ಅದರೊಳಗೆ ಲಾಡಿಹುಳುವಿನ ಮರಿ. ಮೆದುಳಿನ ನೀರು ಹರಿಯುವ ದಾರಿಗೇ ಬಿರಡೆಯಂತೆ ಕೂತಿತ್ತು. ನೀರು ಕಟ್ಟಿ ಕಣ್ಣು ಮಂಜಾಗಿತ್ತು. ತಡಮಾಡಿದ್ದರೆ ಜೀವವೇ ಹೋಗುತ್ತಿತ್ತು. ನಲವತ್ತು ವರ್ಷ ಪೈಜಾಮಗಳಿಗೆ ಲಾಡಿ ಪೋಣಿಸಿದ ನನಗೆ ಆ ಹೆಸರಿನ ಹುಳುವೂ ಇದೆಯೆಂದು ಅಂದೇ ತಿಳಿದದ್ದು.

ಆಪರೇಷನ್ನಿನ ಒಪ್ಪಿಗೆ ಕಾಗದದಲ್ಲಿ ರುಜುವಿನ ಜಾಗಕ್ಕೆ ‘ಗಂಡ’ ಎಂದು ಅಚ್ಚಾಗಿತ್ತು. ಪಕ್ಕದಲ್ಲಿ ‘ನ ಅಕ್ಕ’ ಎಂದು ಸೇರಿಸಿ ರುಜು ಹಾಕಿದೆ. ಸಣ್ಣ ತೂತಿನಿಂದ ಕಡ್ಡಿಯಂಥ ದುರ್ಬೀನು ಇಳಿಸಿ, ಗುಳ್ಳೆ ಒಡೆಯದಂತೆ ಹಿಡಿದು ಹೊರಗೆಳೆದರು. ಎಂಥ ಕೈ ಅಂತೀಯ, ನನ್ನ ಕಸುಬಿಗೆ ಬಂದಿದ್ದರೆ ನಾನು ಅಂಗಡಿ ಮುಚ್ಚಬೇಕಾಗುತ್ತಿತ್ತು. ಫಿಟ್ಸ್‌ಗೆ ಮಾತ್ರೆ ಇನ್ನೂ ನಡೆಯಬೇಕು. ನಿನ್ನೆ ಅವಳು ಯಾರ ನೆರವೂ ಇಲ್ಲದೆ ಸೂಜಿಗೆ ದಾರ ಪೋಣಿಸಿದಳು.

ಬೈಯಬೇಕಾದಷ್ಟು ಬೈದಿದ್ದೇನೆ. ಚೆನ್ನಾಗಿರು.

ನಿನ್ನ ಅಕ್ಕ

ಇನ್ನೊಂದು ಮಾತು, ಮುಖ್ಯವಾದದ್ದು. ಮಾಂಸವನ್ನೇ ಮುಟ್ಟದವಳಿಗೆ ಇದು ಎಲ್ಲಿಂದ ಬಂತೆಂದು ಡಾಕ್ಟರಮ್ಮನ ಹತ್ತಿರ ಜಗಳಕ್ಕೇ ನಿಂತಿದ್ದೆ. ಅರೆಬೆಂದ ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದಂತೆ. ಅಂಥವರು ಸರಿಯಾಗಿ ಕೈ ತೊಳೆಯದೆ ಅಡುಗೆಗೆ ಕೈ ಹಾಕಿದರೆ, ಅದರ ಮೊಟ್ಟೆ ಉಂಡವರ ಹೊಟ್ಟೆ ಸೇರಿ ಮರಿಯಾಗಿ ತಲೆಗೇರುತ್ತದಂತೆ. ಅಪ್ಪ, ನಾನು, ಅವಳು, ಮೂವರ ಮಲಪರೀಕ್ಷೆಯೂ ಆಯಿತು, ಯಾರಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಒಲೆ ಮುಟ್ಟಿದವರಲ್ಲಿ ಉಳಿದವನು ನೀನೊಬ್ಬನೇ. ನಿನ್ನ ವರದಿ ಬರಲಿ, ನೋಟೀಸಿನಿಂದ ಆ ಒಂದು ಪದ ಹೋಗಲಿ; ಅದೇ ದಿನ ವಿಚ್ಛೇದನಕ್ಕೆ ಸಹಿ ಹಾಕುತ್ತಾಳಂತೆ. ಸದ್ಯಕ್ಕೆ ಅವಳಿಗೆ ಕಣ್ಣು ಸಿಕ್ಕಿತು, ನನಗೆ ತಂಗಿ ಸಿಕ್ಕಳು, ವಕೀಲರಿಗೆ ಫೀಸು. ನಿನಗೆ, ಇದರ ಜೊತೆ ಕಳಿಸಿರುವ ಲ್ಯಾಬಿನ ಮುಚ್ಚಳದ ಡಬ್ಬಿ.