ಒಳಬದಿಯ ಸಿಬಿರು

ಅಪ್ಪಾ,

ನೀನು ಹೋದಮೇಲೆ ನಿನ್ನ ಅಂಗಡಿಯಲ್ಲಿ ನಾನೊಬ್ಬಳೇ ಮಾಡಿದ ಮೊದಲ ಶವಪೆಟ್ಟಿಗೆ ಇವತ್ತು ಹೊರಟಿತು. ಅಳತೆ ಎಲ್ಲಿ ತಪ್ಪಿದೆಯೋ ಎಂಬ ದಿಗಿಲಿಗೆ ಬೆಳಗಿನಿಂದ ಮುಚ್ಚಳ ತೆಗೆಯುವುದು, ಮುಚ್ಚುವುದು, ಮತ್ತೆ ತೆಗೆಯುವುದು, ಇದೇ ಆಯಿತು.

ಅದರ ಮೇಲೆ ಗಿರಾಕಿಯ ಕಾಟ ಬೇರೆ. ತೀರಿಕೊಂಡವಳು ಆತನ ಹೆಂಡತಿ. ಪೆಟ್ಟಿಗೆಯೊಳಗೆ ಕೈಯಾಡಿಸುತ್ತಾ, “ಇಲ್ಲಿ ಒರಟಾಗಿದೆ, ಅಲ್ಲಿ ಸಿಬಿರಿದೆ” ಎಂದು ಜೀವ ತಿಂದ.

“ಮೇಲೆ ಬಟ್ಟೆ ಹಾಸ್ತೀವಿ ಕಣ್ರೀ. ಒಳಗಡೆ ಯಾರಿಗೆ ಕಾಣ್ಸುತ್ತೆ?” ಅಂದುಬಿಟ್ಟೆ.

ಅಂದಕೂಡಲೇ ನೆನಪಾಯಿತು. ಅದು ಚಿಕ್ಕಪ್ಪನ ಮಾತು. ನಿನ್ನ ಪೆಟ್ಟಿಗೆಯ ಒಳಬದಿಯನ್ನು ನಾನು ಉಜ್ಜುತ್ತಾ ಕೂತಿದ್ದಾಗ, “ಪಾದ್ರಿಗಳು ಕಾಯ್ತಿದ್ದಾರೆ, ಒಳಗಡೆ ಯಾರಿಗೆ ಕಾಣ್ಸುತ್ತೆ, ಏಳು” ಎಂದು ರಟ್ಟೆ ಹಿಡಿದು ಎಬ್ಬಿಸಿದ್ದರು.

ಚಿಕ್ಕವಳಿದ್ದಾಗ ನಿನ್ನನ್ನು ಕೇಳಿದ್ದೆನಲ್ಲ, ಸತ್ತ ಗೆಳೆಯನನ್ನು ಇನ್ನೇನು ಬದುಕಿಸಲಿದ್ದ ಯೇಸು ಸಮಾಧಿಯ ಮುಂದೆ ಯಾಕೆ ಅತ್ತ ಅಂತ. “ಪಕ್ಕದಲ್ಲಿ ಆ ಗೆಳೆಯನ ಅಕ್ಕತಂಗಿ ಅಳ್ತಿದ್ರಲ್ಲ ಮಗಳೇ” ಅಂದಿದ್ದೆ ನೀನು.

ಉಪ್ಪುಕಾಗದ ಹರಿದು ಅರ್ಧ ಆತನ ಕೈಗಿಟ್ಟೆ. “ಬನ್ನಿ, ಇಬ್ರೂ ಉಜ್ಜೋಣ.”

ಆತ ಮೊಣಕಾಲೂರಿ ಕೂತ. ಸಿಬಿರೆಲ್ಲ ಹೋಗಿ ಮರ ನುಣ್ಣಗಾದಮೇಲೂ ಉಜ್ಜುತ್ತಲೇ ಇದ್ದ. ಚರ್ಚಿನ ಗಂಟೆ ಹೊಡೆಯಿತು. ನಾನು ಏಳಿ ಅನ್ನಲಿಲ್ಲ.

ಅಪ್ಪಾ, ನಿನ್ನ ಪೆಟ್ಟಿಗೆಯಲ್ಲಿ ಎಡಭುಜದ ಹತ್ತಿರ ಒಂದು ಕಡೆ ಉಜ್ಜುವುದು ಉಳಿದುಹೋಗಿತ್ತು.

ಚುಚ್ಚುತ್ತಿದೆಯಾ?